ಒಂದು ಬಕೆಟ್ ನೀರಿನ ಉಪ್ಪು

“ಕುಡಿಯೋದು ಬೇಡ ಭಾವ, ನಾಲಿಗೆಗೆ ತಾಗಿಸಿದ್ರೆ ಸಾಕು.”

ಏಳನೆಯ ಲೋಟ ನನ್ನ ಮೂಗಿನ ಕೆಳಗೆ ಬಂದು ನಿಂತಿತು. ಬಿಚ್ಚಿಟ್ಟ ಫೋನುಗಳನ್ನೂ ತಿರುಪಿನ ಡಬ್ಬಿಗಳನ್ನೂ ಒಂದು ಬದಿಗೆ ತಳ್ಳಿ, ನನ್ನ ನಾದಿನಿ ತನ್ನ ರಿಪೇರಿ ಅಂಗಡಿಯ ಮೇಜಿನ ಮೇಲೆ ಹದಿಮೂರು ಚಹಾ ಲೋಟಗಳನ್ನು ಸಾಲಾಗಿ ಇಟ್ಟಿದ್ದಳು. ಒಂದೊಂದರಲ್ಲೂ ಒಂದೊಂದು ಮೀನುಕೊಳದ ನೀರು. ಲೋಟಕ್ಕೆ ಅಂಟಿಸಿದ ಚೀಟಿಯಲ್ಲಿ ಬರೀ ಅಂಕಿ. ಯಾವುದು ಯಾರ ಕೊಳವೆಂದು ನನಗೆ ತಿಳಿಯಬಾರದಂತೆ.

“ಇದರಲ್ಲಿ ಮೀನು ಏನೇನು ಮಾಡಿರುತ್ತೆ ಅಂತ ಗೊತ್ತಾ ನಿನಗೆ?” ಎಂದೆ.

“ಕುದಿಸಿ ಆರಿಸಿದ್ದೀನಿ. ಅದು ಮಾಡಿದ್ದೆಲ್ಲ ಬೆಂದು ಹೋಗಿದೆ.”

“ಉಪ್ಪು ಅಳೆಯೋ ಮೀಟರ್ ಇದೆಯಲ್ಲ ನಿನ್ನ ಹತ್ರ?”

“ಇದೆ. ಅದು ಹೇಳಿದ್ದನ್ನ ಬರೆದೂ ಇಟ್ಟಿದ್ದೀನಿ. ಆದ್ರೆ ಭಾನುವಾರ ಸಭೇಲಿ ಮೀಟರ್ ಮಾತು ಯಾರು ಕೇಳ್ತಾರೆ? ನಾಲಿಗೆ ಮಾತು ಅಂದ್ರೆ ಎಲ್ಲರೂ ನಂಬ್ತಾರೆ. ಅದರಲ್ಲೂ ನಿಮ್ಮ ನಾಲಿಗೆ. ನಮ್ಮಕ್ಕನ ಅಡುಗೇಲಿ ಇಪ್ಪತ್ತೆಂಟು ವರ್ಷ ಉಪ್ಪು ಹೆಚ್ಚಾಯ್ತು ಕಮ್ಮಿಯಾಯ್ತು ಅಂತ ಹೇಳಿ ಹೇಳಿ ಪಳಗಿದ್ದು.”

ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಗುಮಾಸ್ತನಾಗಿದ್ದು ನಿವೃತ್ತನಾದವನು ನಾನು. ಮನೆಯಲ್ಲಿ ಆರಾಮಾಗಿ ಪತ್ರಿಕೆ ಓದುತ್ತ ಕೂರಬೇಕಾದವನು, ಹೆಂಡತಿಯ ತಂಗಿಯ ಪತ್ತೇದಾರಿಕೆಗೆ ಸಿಕ್ಕಿ ಕೊಳದ ನೀರು ನೆಕ್ಕುತ್ತಿದ್ದೆ. ಸುಳ್ಳು ಯಾಕೆ ಹೇಳಲಿ, ಇಷ್ಟು ಖುಷಿಯಾಗಿ ನಾನು ಅಂಚೆ ಕಚೇರಿಯಲ್ಲಿ ಒಂದು ದಿನವೂ ಇರಲಿಲ್ಲ.

ಆಗಿದ್ದಿಷ್ಟು. ಮಂಗಳವಾರ ಹಾಡಹಗಲೇ, ಮೀನು ಸಾಕುವವರ ಸಂಘದ ಮರಿಮನೆಯ ತಾಯಿಕೊಳದಿಂದ ಮೂರು ತಾಯಿಮೀನುಗಳು ಮಾಯವಾಗಿದ್ದವು. ಹನ್ನೆರಡು ಮನೆಯವರ ಹನ್ನೆರಡು ಕೊಳಗಳಿಗೆ ಮರಿ ಸಿಗುವುದು ಆ ತಾಯಿಮೀನುಗಳಿಂದಲೇ. ಮರಿಮನೆ ನೋಡಿಕೊಳ್ಳುವ ಹೆಂಗಸೇ ಕದ್ದು ಮಾರಿದ್ದಾಳೆ ಎಂದು ಸಂಘ ನಿಶ್ಚಯ ಮಾಡಿಕೊಂಡಿತ್ತು.

ಇವತ್ತು ಶುಕ್ರವಾರ. ನಾಡಿದ್ದು ಬೆಳಿಗ್ಗೆ ಹತ್ತಕ್ಕೆ ತಿಂಗಳ ಸಭೆ. ಅಷ್ಟರೊಳಗೆ ನಿಜ ಹೊರಬರದಿದ್ದರೆ ಅವಳ ಕೆಲಸ ಹೋಗುತ್ತಿತ್ತು, ಮರಿಮನೆಗೆ ಅಂಟಿಕೊಂಡ ಎರಡು ಕೋಣೆಯ ವಾಸವೂ ಹೋಗುತ್ತಿತ್ತು. ಅದರ ಒಂದು ಕೋಣೆಯಲ್ಲಿ ನಡೆಯಲಾಗದ ಅವಳ ಅತ್ತೆ ಮಲಗಿದ್ದಾಳೆ. ಹದಿನೈದು ವರ್ಷ ಆ ಮೀನುಗಳನ್ನು ಮುಖ ನೋಡಿ ಗುರುತಿಸುತ್ತಿದ್ದವಳಿಗೆ ಕಳ್ಳಿಯೆಂಬ ಹೆಸರು ಉಳಿಯುತ್ತಿತ್ತು.

ಎಂಟು, ಒಂಬತ್ತು. ಎಲ್ಲವೂ ಒಂದೇ ಥರ, ಉಪ್ಪುಪ್ಪು. ಹತ್ತನೆಯದನ್ನು ನಾಲಿಗೆಗಿಟ್ಟೆ. ಮತ್ತೆ ಇಟ್ಟೆ.

“ಇದು ಸಪ್ಪೆ,” ಎಂದೆ. “ಉಪ್ಪಿದೆ, ಆದ್ರೆ ಉಳಿದವುಗಳ ಅರ್ಧವೂ ಇಲ್ಲ.”

ನಾದಿನಿ ಉಳಿದ ಮೂರನ್ನೂ ರುಚಿ ನೋಡಿಸಿದಳು. ಅವೂ ಉಪ್ಪೇ. ಆಮೇಲೆ ನನಗೊಂದು ಲೋಟ ಒಳ್ಳೆಯ ನೀರು ಕೊಟ್ಟು, ಕಂಪ್ಯೂಟರನ್ನು ನನ್ನತ್ತ ತಿರುಗಿಸಿದಳು.

“ಈಗ ಇದನ್ನ ನೋಡಿ. ಮಂಗಳವಾರ ತಾಯಿಕೊಳದ ಕಡ್ಡಿ ಬರೆದಿಟ್ಟಿದ್ದು.”

ಕಡ್ಡಿ ಎಂದರೆ ಸೆನ್ಸರ್. ಮೊಳದುದ್ದದ ಕರಿ ಕೊಳವೆ. ನಾದಿನಿಯೇ ಪ್ರತಿ ಕೊಳದಲ್ಲೂ ಒಂದನ್ನು ನೀರಿಗೆ ಇಳಿಬಿಟ್ಟಿದ್ದಾಳೆ. ಎರಡು ನಿಮಿಷಕ್ಕೊಮ್ಮೆ ಅದು ನೀರಿನ ಆಮ್ಲಜನಕ, ಬಿಸಿ, ಉಪ್ಪು ಮೂರನ್ನೂ ಅಳೆದು ಎಲ್ಲರ ಫೋನಿಗೂ ಕಳಿಸುತ್ತದೆ. ಆಮ್ಲಜನಕ ಕುಸಿದರೆ ಹನ್ನೆರಡು ಮನೆಯ ಫೋನುಗಳೂ ಒಟ್ಟಿಗೆ ಕಿರುಚಿಕೊಳ್ಳುತ್ತವೆ. ಕೊಳಕ್ಕಿಳಿದು ಬಲೆ ಎಳೆದು ಕೆಸರು ಕದಡಿದರೆ ಸಾಕು, ಕುಸಿಯುತ್ತದೆ.

ಮಂಗಳವಾರ ಒಂದು ಫೋನೂ ಕಿರುಚಿರಲಿಲ್ಲ. ಮರಿಮನೆಯವಳ ಮೇಲೆ ಗುಮಾನಿ ಬಂದದ್ದೇ ಅದರಿಂದ. ವಾರಕ್ಕೊಮ್ಮೆ ಎಲ್ಲ ಕೊಳಗಳ ಕಡ್ಡಿಗೆ ಹತ್ತಿದ ಪಾಚಿ ಒರೆಸಿ ಶುಚಿ ಮಾಡುವವಳು ಅವಳೊಬ್ಬಳೇ. ಕಡ್ಡಿಗೆ ಮೋಸ ಮಾಡುವ ವಿದ್ಯೆ ಅವಳ ಹೊರತು ಇನ್ಯಾರಿಗೆ ಗೊತ್ತು ಎಂದು ಸಂಘದ ಕಾರ್ಯದರ್ಶಿ ಕೇಳಿದ್ದ. ಆ ಮನುಷ್ಯ ಪ್ರಶ್ನೆ ಕೇಳಿದರೆ ತೀರ್ಪು ಕೊಟ್ಟಂತೆಯೇ ಇರುತ್ತದೆ.

“ಆಮ್ಲಜನಕ ನೋಡಿ,” ಎಂದಳು ನಾದಿನಿ. “ಹತ್ತೂ ಮೂವತ್ತಾರರಿಂದ ಹನ್ನೊಂದೂ ಹದಿನಾಲ್ಕರವರೆಗೆ ಗೆರೆ ಎಳೆದ ಹಾಗಿದೆ. ಕೊಳ ಯಾವತ್ತಾದ್ರೂ ಹೀಗಿರುತ್ತಾ? ಗಾಳಿ ಬಂದ್ರೆ ಏರುತ್ತೆ, ಮೋಡ ಬಂದ್ರೆ ಇಳಿಯುತ್ತೆ. ಅಷ್ಟು ಹೊತ್ತು ಕಡ್ಡಿ ಕೊಳದಲ್ಲೇ ಇರಲಿಲ್ಲ ಭಾವ. ಬಕೆಟ್ಟಿನಲ್ಲಿತ್ತು.”

“ಇದನ್ನ ಬುಧವಾರವೇ ಹೇಳಿದ್ದೆ ನೀನು. ಬಕೆಟ್ ಯಾರದು ಅಂತ ಗೊತ್ತಾಗಲಿಲ್ಲ ಅಂದಿದ್ದೆ.”

“ಬುಧವಾರ ನಾನೂ ಎಲ್ಲರ ಹಾಗೆ ಮೊದಲ ಪುಟ ಮಾತ್ರ ನೋಡಿದ್ದೆ. ಫೋನಿನಲ್ಲಿ ಉಪ್ಪು ಇರೋದು ಮೂರನೇ ಪುಟದಲ್ಲಿ. ಅಲ್ಲಿವರೆಗೆ ಬೆರಳು ಯಾರು ಸವೆಸ್ತಾರೆ? ನಿನ್ನೆ ರಾಶಿ ಹಾಕ್ಕೊಂಡು ಓದಿದೆ.” ಅವಳು ಬೆರಳಿಟ್ಟು ತೋರಿಸಿದಳು. “ತಾಯಿಕೊಳದ ಉಪ್ಪು ಲೀಟರಿಗೆ ಹದಿನೆಂಟು ಗ್ರಾಂ. ಹತ್ತೂ ಮೂವತ್ತಾರಕ್ಕೆ ಒಂದೇ ಏಟಿಗೆ ಒಂಬತ್ತು. ಹನ್ನೊಂದೂ ಹದಿನಾಲ್ಕಕ್ಕೆ ಮತ್ತೆ ಹದಿನೆಂಟು. ಅವತ್ತು ಮಳೆ ಒಂದು ಹನಿ ಬಿದ್ದಿಲ್ಲ.”

ನಾನು ಹತ್ತನೆಯ ಲೋಟವನ್ನು ನೋಡಿದೆ.

“ಒಂಬತ್ತೇ,” ಎಂದಳು. “ಹನ್ನೆರಡು ಕೊಳದಲ್ಲಿ ಒಂಬತ್ತು ಉಪ್ಪಿರೋದು ಒಂದಕ್ಕೇ.”

ನನಗೊಂದು ಅನುಮಾನ ಬಂತು, ಬಾಯಿ ಬಿಟ್ಟು ಹೇಳಿದೆ. “ಕಳ್ಳ ಅಷ್ಟು ದಡ್ಡನಾ? ಎದುರಿಗೇ ಕೊಳ ತುಂಬ ನೀರು. ಬಕೆಟ್ ಅದ್ದಿ ಅದೇ ನೀರು ತಗೊಂಡಿದ್ರೆ ಉಪ್ಪು ಬದಲಾಗ್ತಾನೇ ಇರಲಿಲ್ಲ. ತನ್ನ ಕೊಳದಿಂದ ಹೊತ್ಕೊಂಡು ಯಾಕೆ ಬರ್ತಾನೆ?”

“ಅದೇ ಭಾವ! ಅದೇ ಚೆಂದ!” ಅವಳು ಮೇಜಿಗೆ ಕೈ ಬಡಿದ ರಭಸಕ್ಕೆ ಲೋಟಗಳೆಲ್ಲ ಕುಣಿದವು. “ಕಳ್ಳನಾಗಿದ್ರೆ ಹಾಗೇ ಮಾಡ್ತಿದ್ದ. ಇವರು ಮೊದಲು ಮೀನು ಸಾಕೋರು, ಆಮೇಲೆ ಕಳ್ಳರು.”

ಆಗ ನನಗೆ ಹೊಳೆಯಿತು. ಹತ್ತು ವರ್ಷದ ಹಿಂದೆ ಒಂದೇ ವಾರದಲ್ಲಿ ಏಳು ಕೊಳಗಳ ಮೀನು ಹೊಟ್ಟೆ ಮೇಲಾಗಿ ತೇಲಿದ್ದವು. ರೋಗ ಹರಡಿದ್ದು ಎರವಲು ಕೊಟ್ಟ ಒಂದು ಬಕೆಟ್ಟಿನಿಂದ. ಅಂದಿನಿಂದ ಪ್ರತಿ ಮನೆಗೂ ಒಂದೊಂದು ಬಣ್ಣದ ಬಕೆಟ್. ಒಬ್ಬರ ಬಕೆಟ್ ಇನ್ನೊಬ್ಬರ ಕೊಳಕ್ಕೆ ಇಳಿಯುವುದಿಲ್ಲ. ಇಲ್ಲಿಯವರು ಬೀಗರಿಗೆ ಹೆಣ್ಣು ಕೊಟ್ಟಾರು, ಬಕೆಟ್ ಕೊಡುವುದಿಲ್ಲ. ಅದರಲ್ಲೂ ತಾಯಿಕೊಳಕ್ಕೆ ಹೊರಗಿನ ಬಕೆಟ್ ಅದ್ದುವುದೆಂದರೆ ಹೆತ್ತ ತಾಯಿಯ ತಟ್ಟೆಗೆ ಮಣ್ಣು ಹಾಕಿದಂತೆ.

ಮೀನಿನ ಹೆಜ್ಜೆ ಕಂಡವರಿಲ್ಲ ಎನ್ನುತ್ತಾರೆ. ಇಲ್ಲಿ ಮೀನು ಕದ್ದವನ ಹೆಜ್ಜೆ, ಅವನ ಒಳ್ಳೆಯತನದಿಂದಲೇ ಮೂಡಿತ್ತು.

“ಹತ್ತನೇ ಲೋಟ ಯಾರ ಕೊಳದ್ದು?” ಎಂದೆ.

“ಸ್ಕೂಟರ್ ತೆಗೀರಿ, ಹೇಳ್ತೀನಿ. ಎಲ್ಲಿಗೆ ಹೊರಟ್ವಿ ಅಂತ ಯಾರಿಗೂ ಹೇಳೋದು ಬೇಡ. ಮನೆಗೂ ಬೇಡ. ಸುದ್ದಿ ನಮಗಿಂತ ಮುಂಚೆ ಹೋದ್ರೆ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಗುತ್ತೆ.”

*

ಮಂಜುಗಡ್ಡೆ ಕಾರ್ಖಾನೆ ದಾಟಿ, ಬಲೆ ಅಂಗಡಿ ದಾಟಿ, ಪೈಪಿನ ಗೋದಾಮಿನ ಬಳಿ ಮಣ್ಣಿನ ದಾರಿಗೆ ಇಳಿದಾಗ ನನಗೆ ತಿಳಿಯಿತು. ಈ ದಾರಿ ಹೋಗುವುದು ಒಂದೇ ಕೊಳಕ್ಕೆ. ಸಿಹಿನೀರಿನ ಕಾಲುವೆ ಪಕ್ಕದಲ್ಲೇ ಹರಿಯುವುದರಿಂದ ಅದರ ಉಪ್ಪು ಕಡಿಮೆ.

“ದೊಡ್ಡಪ್ಪನಾ?” ಎಂದು ಬ್ರೇಕ್ ಹಾಕಿದೆ. “ನಿನಗೆ ತಲೆ ಕೆಟ್ಟಿದೆ.”

“ನನಗೂ ಹಾಗೇ ಅನ್ನಿಸ್ತು. ಅದಕ್ಕೇ ನಿಮ್ಮ ನಾಲಿಗೇನೂ ಕೇಳಿದ್ದು.”

ಕಾಲುವೆಕೊಳದ ಯಜಮಾನರು ಯಾರಿಗೂ ರಕ್ತಸಂಬಂಧದಿಂದ ದೊಡ್ಡಪ್ಪನಲ್ಲ, ಆದರೆ ಎಲ್ಲರಿಗೂ ದೊಡ್ಡಪ್ಪ. ಎಪ್ಪತ್ತೆರಡು ವರ್ಷ. ಸಂಘ ಕಟ್ಟಿದವರಲ್ಲಿ ಒಬ್ಬರು. ಬಣ್ಣದ ಬಕೆಟ್ಟಿನ ನಿಯಮ ತಂದವರೂ ಅವರೇ. ದಾರಿಯಲ್ಲಿ ಸಿಕ್ಕ ತಿರುಪನ್ನೂ ನಾದಿನಿಯ ಅಂಗಡಿಗೆ ತಂದು ಕೊಟ್ಟು ಹೋಗುವ ಮನುಷ್ಯ.

ಕಾರ್ಯದರ್ಶಿ ಕಳ್ಳನಾಗಿದ್ದರೆ ನನಗೆ ಹಬ್ಬವಾಗುತ್ತಿತ್ತು. ಮೇವಿನ ಅಂಗಡಿಯವನಾಗಿದ್ದರೂ ಸೈ. ಸಂಘದವರು ಮರಿಗಳನ್ನು ತನ್ನಿಂದ ಕೊಳ್ಳದೆ ತಾವೇ ಬೆಳೆಸುತ್ತಾರೆಂದು ಅವನಿಗೆ ಹೊಟ್ಟೆಯುರಿ. ಬುಧವಾರದಿಂದ ನಾವು ಅವರಿಬ್ಬರ ಸುತ್ತಲೇ ಸುತ್ತುತ್ತಿದ್ದೆವು. ಆದರೆ ಮೇವಿನವನಿಗೆ ಕೊಳವೇ ಇಲ್ಲ. ಕಾರ್ಯದರ್ಶಿಯ ಕೊಳದ ಉಪ್ಪು ಅವನ ನಾಲಿಗೆಯಂತೆಯೇ, ಇಪ್ಪತ್ತಕ್ಕೆ ಕಡಿಮೆಯಿಲ್ಲ.

ದೊಡ್ಡಪ್ಪ ಏರಿಯ ಮೇಲೆ ನಿಂತು ಮೇವು ಎರಚುತ್ತಿದ್ದರು. ಬಲಗೈಯಲ್ಲಿ ಮೇವು, ಎಡಗೈಯಲ್ಲಿ ಫೋನು. ಎರಡನ್ನೂ ಒಟ್ಟಿಗೆ ಮಾಡುವುದು ಇಡೀ ಸಂಘದಲ್ಲಿ ಅವರಿಗೊಬ್ಬರಿಗೇ ಬರುತ್ತದೆ.

“ಬಾಮ್ಮ ಬಾ! ನೋಡು, ಆಮ್ಲಜನಕ ಆರೂ ಪಾಯಿಂಟ್ ಎಂಟು!” ಎಂದು ಫೋನ್ ಎತ್ತಿ ತೋರಿಸಿದರು. ಅದರ ಅಕ್ಷರಗಳು ಅಂಗಡಿಯ ಬೋರ್ಡಿನಷ್ಟು ದಪ್ಪ. “ಮೊದಲೆಲ್ಲ ಬೆಳಗಾಗೋ ಮುಂಚೆ ಎದ್ದು ಮೀನು ಮೇಲೆ ಬಂದು ಬಾಯಿ ತೆರೀತಿವೆಯಾ ಅಂತ ನೋಡೋಕೆ ಓಡಿ ಬರ್ತಿದ್ದೆ. ಈಗ ಹಾಸಿಗೇಲೇ ನೋಡ್ತೀನಿ. ನಿನ್ನ ಕಡ್ಡಿ ಬಂದ ಮೇಲೆ ನನ್ನ ಹೆಂಡ್ತಿ ಮೂವತ್ತು ವರ್ಷದ ನಿದ್ದೆ ತೀರಿಸ್ಕೋತಾ ಇದ್ದಾಳೆ. ನಿನಗೆ ಪುಣ್ಯ ಬರಲಿ.”

ಇಂಥ ಮನುಷ್ಯನನ್ನು ಕಳ್ಳ ಎನ್ನುವುದು ಹೇಗೆ? ನನಗೆ ವಾಪಸು ಹೋಗೋಣ ಅನ್ನಿಸಿತು. ನಾದಿನಿ ಮಾತ್ರ ಏರಿಯ ಮೇಲೆ ಕಾಲು ಚಾಚಿ ಆರಾಮಾಗಿ ಕೂತಳು.

“ದೊಡ್ಡಪ್ಪ, ನಿಮ್ಮ ಹಸಿರು ಬಕೆಟ್ ಮಂಗಳವಾರ ಬೆಳಿಗ್ಗೆ ಎಲ್ಲಿತ್ತು?”

ಮೇವಿನ ಕೈ ಗಾಳಿಯಲ್ಲೇ ನಿಂತಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ದೊಡ್ಡಪ್ಪ ತಿರುಗಿ ಮೋಟರ್ ಗುಡಿಸಲಿನ ಗೋಡೆಗೆ ನೇತುಹಾಕಿದ್ದ ಹಸಿರು ಬಕೆಟ್ಟನ್ನು ನೋಡಿದರು.

“ಅಲ್ಲೇ ಇತ್ತು. ಎಲ್ಲಿರುತ್ತೆ ಮತ್ತೆ?”

“ಹತ್ತೂ ಮೂವತ್ತಾರಕ್ಕೆ ಅದು ಮರಿಮನೇಲಿತ್ತು. ಅದರೊಳಗೆ ನಿಮ್ಮ ಕೊಳದ ನೀರಿತ್ತು, ಆ ನೀರಲ್ಲಿ ತಾಯಿಕೊಳದ ಕಡ್ಡಿ ಇತ್ತು. ಮೂವತ್ತೆಂಟು ನಿಮಿಷ.”

“ನೀನು ನೋಡಿದ್ಯಾ?”

“ನಾನು ನೋಡಲಿಲ್ಲ. ಉಪ್ಪು ನೋಡ್ತು.”

ದೊಡ್ಡಪ್ಪ ಉಳಿದ ಮೇವನ್ನು ನಿಧಾನವಾಗಿ ಎರಚಿ ಮುಗಿಸಿದರು. ಕೈ ತೊಳೆದುಕೊಂಡರು. ಮೀನುಗಳು ಬಾಯಿ ಚಪ್ಪರಿಸುವ ಸದ್ದು ಕೇಳುತ್ತಿತ್ತು.

“ಆ ಕಡ್ಡಿ ಉಪ್ಪೂ ನೋಡುತ್ತಾ?”

“ಮೂರನೇ ಪುಟದಲ್ಲಿ.”

“ಥೂ,” ಎಂದರು. ಆಮೇಲೆ ನಗತೊಡಗಿದರು. “ದಿನಕ್ಕೆ ಹತ್ತು ಸಲ ನೋಡ್ತೀನಿ, ಮೂರನೇ ಪುಟ ಒಂದಿದೆ ಅಂತಲೇ ಗೊತ್ತಿರಲಿಲ್ಲ ನೋಡು.”

“ದೊಡ್ಡಪ್ಪ, ತಾಯಿಕೊಳದ ನೀರನ್ನೇ ತುಂಬಿಸ್ಕೊಂಡಿದ್ರೆ ಸಿಕ್ಕೇ ಬೀಳ್ತಿರಲಿಲ್ಲ ನೀವು.”

“ನನ್ನ ಬಕೆಟ್ಟನ್ನ ತಾಯಿಕೊಳಕ್ಕೆ ಅದ್ದೋದಾ?” ಅವರ ಮುಖ ಕೆಂಪಾಯಿತು. ಇಷ್ಟು ಹೊತ್ತೂ ಬಾರದ ಸಿಟ್ಟು ಈಗ ಬಂತು. “ಏನಮ್ಮ ನೀನು, ಬುದ್ಧಿ ಇದೆಯಾ? ಮೀನಿಗೆ ಏನಾದ್ರೂ ತಗುಲಿದ್ರೆ? ಮರಿಮನೆ ಬಕೆಟ್ ಹುಡುಕಿದೆ, ಅವಳು ಅದರಲ್ಲೇ ಮೇವು ತರೋಕೆ ಹೋಗಿದ್ಲು. ಹೀಗಾಗಬಹುದು ಅಂತಲೇ ಮನೆಯಿಂದ ನೀರು ತುಂಬಿಸ್ಕೊಂಡು ಹೋಗಿದ್ದೆ.”

ಹೀಗೆ ಅವರು ಒಪ್ಪಿಕೊಂಡರು. ಒಪ್ಪಿಕೊಂಡದ್ದು ಅವರಿಗೇ ಗೊತ್ತಾಗಿರಲಿಲ್ಲ. ಗೊತ್ತಾದ ಮೇಲೆ ಗಡ್ಡ ಕೆರೆದುಕೊಂಡು, “ಬನ್ನಿ ಹಾಗಾದ್ರೆ,” ಎಂದರು.

*

ಕೊಳದ ಹಿಂದಿನ ಮೂಲೆಯಲ್ಲಿ, ನೆರಳಿಗೆ ಕಟ್ಟಿದ ಚಪ್ಪರದ ಕೆಳಗೆ, ನಾಲ್ಕು ಗೂಟಕ್ಕೆ ಬಿಗಿದ ಬಲೆಯ ತೊಟ್ಟಿಲಿತ್ತು. ಅದರೊಳಗೆ ಮೂರು ದೊಡ್ಡ ಬೆನ್ನುಗಳು, ಬೆಳ್ಳಗೆ, ನಿಧಾನವಾಗಿ ಸುತ್ತುತ್ತಿದ್ದವು. ಒಂದೊಂದೂ ನನ್ನ ಕೈಯಷ್ಟು ಉದ್ದ.

ನನ್ನ ಎದೆ ಹಗುರಾಯಿತು. ಮೂರು ದಿನದಿಂದ ಈ ಮೀನುಗಳು ಯಾರದೋ ಅಡುಗೆಮನೆ ಸೇರಿವೆ ಎಂದುಕೊಂಡಿದ್ದೆ.

ನಾದಿನಿ ಚೀಲದಿಂದ ಸ್ಕ್ಯಾನರ್ ತೆಗೆದಳು. ತಾಯಿಮೀನುಗಳ ಬೆನ್ನಿನ ಚರ್ಮದ ಕೆಳಗೆ ಅಕ್ಕಿಕಾಳಿನಷ್ಟು ಚಿಪ್ ಇರುತ್ತದೆ. ಸ್ಕ್ಯಾನರ್ ಹಿಡಿದರೆ ಅದರ ನಂಬರ್ ಹೇಳುತ್ತದೆ. ಅವಳು ಮೊಣಕಾಲೂರಿ, ಕೈಯನ್ನು ನೀರಿನೊಳಗೆ ಚಾಚಿದಳು.

ಕುಯ್ ಎಂದಿತು. “ನಾಲ್ಕು.” ಮತ್ತೆ ಕುಯ್. “ಹನ್ನೊಂದು.” ಮೂರನೆಯದು ತಪ್ಪಿಸಿಕೊಂಡು ತಪ್ಪಿಸಿಕೊಂಡು, ಕೊನೆಗೆ ಅವಳ ಮುಖಕ್ಕೆ ನೀರೆರಚಿ ಸಿಕ್ಕಿತು. “ಹತ್ತೊಂಬತ್ತು! ಮೂರೂ ಇವೆ ಭಾವ!”

“ಇರದೇ ಏನು?” ಎಂದರು ದೊಡ್ಡಪ್ಪ. “ಹದಿನೆಂಟು ಉಪ್ಪಿನಿಂದ ಒಂಬತ್ತಕ್ಕೆ ಒಮ್ಮೆಲೇ ಬಿಟ್ರೆ ಸತ್ತೇ ಹೋಗ್ತವೆ. ಕೈಗಾಡೀಲಿ ತೊಟ್ಟಿ ಇಟ್ಟು, ಅವಳ ಬಲೇಲೇ ಹಿಡಿದು, ಒದ್ದೆ ಬಟ್ಟೆ ಮುಚ್ಚಿ ತಂದೆ. ಆಮೇಲೆ ಸಾಯಂಕಾಲದವರೆಗೂ ಚೊಂಬು ಚೊಂಬು ನೀರು ಸೇರಿಸಿ ಒಗ್ಗಿಸಿದೀನಿ. ಸೊಂಟ ಬಿದ್ದು ಹೋಯ್ತು.”

ಬೇರೆಯವರ ಮೀನು ಹೊತ್ತು ತಂದು ತಾನೇ ಬೆನ್ನು ತಟ್ಟಿಕೊಳ್ಳುವವರನ್ನು ನಾನು ಮೊದಲ ಸಲ ನೋಡಿದ್ದು. ಸಿಟ್ಟಾಗಬೇಕೋ ನಗಬೇಕೋ ತಿಳಿಯಲಿಲ್ಲ.

ನಾದಿನಿ ಮರಿಮನೆಯವಳಿಗೆ ಫೋನ್ ಮಾಡಿದಳು. ಹತ್ತು ನಿಮಿಷದಲ್ಲಿ ಆ ಹೆಂಗಸು ಸೈಕಲ್ ಏರಿಕೊಂಡು ಬಂದಳು. ಸೈಕಲ್ಲನ್ನು ಏರಿಯ ಮೇಲೇ ಬೀಳಿಸಿ ಓಡಿ ಬಂದಳು. ತೊಟ್ಟಿಲಿನ ಪಕ್ಕ ಕುಸಿದು ಕೂತು, ಮೂರೂ ಮೀನುಗಳನ್ನು ನೋಡಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅತ್ತು ಮುಗಿಸಿ ಹನ್ನೊಂದನೇ ನಂಬರಿನ ಮೀನನ್ನು ಬೈದಳು.

“ಕಿವಿರಿನ ಹತ್ರ ತರಚಿಕೊಂಡಿದೀಯಲ್ಲೇ! ಬಲೆಗೆ ಸುಮ್ಮನೆ ಬರೋಕೆ ಆಗ್ಲಿಲ್ವಾ?”

“ಅದು ಒಂದೇ ಹಾರಾಡಿದ್ದು,” ಎಂದರು ದೊಡ್ಡಪ್ಪ, ತಪ್ಪಿತಸ್ಥನ ಹಾಗೆ.

ಎಲ್ಲರೂ ನಕ್ಕೆವು. ಬಿಸಿಲು ಹಿತವಾಗಿತ್ತು. ದೊಡ್ಡಪ್ಪನ ಹೆಂಡತಿ ಗುಡಿಸಲಿನಿಂದ ಎಲ್ಲರಿಗೂ ಚಹಾ ತಂದುಕೊಟ್ಟು, ಗಂಡನ ಕಡೆ ಒಂದು ಸಲ ಉರಿಗಣ್ಣು ಬಿಟ್ಟು ಒಳಗೆ ಹೋದರು. ನನ್ನ ಮಟ್ಟಿಗೆ ಕತೆ ಮುಗಿದಿತ್ತು. ಮೀನು ಸಿಕ್ಕಿದವು, ಅವಳ ಹೆಸರು ಉಳಿಯಿತು, ನಾಡಿದ್ದು ಕಾರ್ಯದರ್ಶಿಯ ಮುಖ ನೋಡುವುದೊಂದೇ ಬಾಕಿ. ಮುಂದಿನ ಸಾಲಿನಲ್ಲಿ ಕೂರಬೇಕೆಂದು ಮನಸ್ಸಿನಲ್ಲೇ ಜಾಗವನ್ನೂ ಹಿಡಿದೆ.

ನಾದಿನಿ ಮಾತ್ರ ಚಹಾ ಮುಟ್ಟಿರಲಿಲ್ಲ.

“ದೊಡ್ಡಪ್ಪ, ತಂದಿದ್ದು ಹೇಗೆ ಅಂತ ಹೇಳಿದ್ರಿ. ಯಾಕೆ ಅಂತ ಹೇಳಲಿಲ್ಲ.”

“ಯಾಕೆ ಅಂದ್ರೆ?” ದೊಡ್ಡಪ್ಪ ಮರಿಮನೆಯವಳ ಕಡೆ ನೋಡಿದರು. “ಹೇಳಿಬಿಡ್ಲೇನಮ್ಮ? ಇನ್ನು ಮುಚ್ಚಿಡೋಕೆ ಏನಿದೆ?”

“ಏನು ಹೇಳೋದು?” ಎಂದಳು ಅವಳು.

“ನೀನೇ ತಾನೇ ತಗೊಂಡು ಹೋಗಿ ಬಚ್ಚಿಡಿ ಅಂದಿದ್ದು?”

ಅವಳ ಕೈಯಲ್ಲಿದ್ದ ಲೋಟದಿಂದ ಚಹಾ ಚೆಲ್ಲಿತು. “ನಾನಾ?”

“ಅಯ್ಯೋ, ಮೆಸೇಜ್ ಹಾಕಿದೀಯಲ್ಲ!” ದೊಡ್ಡಪ್ಪ ಫೋನ್ ತೆಗೆದು ಬೆರಳು ಒತ್ತಿ ಒತ್ತಿ ಹುಡುಕಿ, ತೋಳು ಚಾಚಿ ಹಿಡಿದು ಗಟ್ಟಿಯಾಗಿ ಓದಿದರು.

“‘ದೊಡ್ಡಪ್ಪ, ತಾಯಿಮೀನಿನ ಮೇಲೆ ಯಾರದೋ ಕಣ್ಣು ಬಿದ್ದಿದೆ. ಮಂಗಳವಾರ ಹತ್ತೂವರೆಗೆ ನಾನು ಮೇವು ತರೋಕೆ ಹೋಗಿರ್ತೀನಿ. ಗೇಟಿಗೆ ಚಿಲಕ ಮಾತ್ರ ಹಾಕಿರುತ್ತೆ. ದೊಡ್ಡವು ಮೂರನ್ನ ನಿಮ್ಮ ಕೊಳದಲ್ಲಿ ಬಚ್ಚಿಡಿ. ಅಲಾರಂ ಹೊಡ್ಕೊಳ್ಳದ ಹಾಗೆ ಕಡ್ಡೀನ ಬಕೆಟ್ಟಿಗೆ ಹಾಕಿ. ಭಾನುವಾರದ ಸಭೆವರೆಗೂ ಯಾರಿಗೂ ಹೇಳಬೇಡಿ. ನನ್ನ ಹತ್ರಾನೂ ಮಾತೆತ್ತಬೇಡಿ, ಅತ್ತೆ ಕಿವಿಗೆ ಬೀಳುತ್ತೆ.’ ಇದೇ ನೋಡು. ನಿನ್ನ ನಂಬರೇ.”

ನಾನೂ ಇಣುಕಿದೆ. ಅವಳ ನಂಬರೇ. ಹೋದ ಶನಿವಾರ, ಹನ್ನೊಂದೂ ಇಪ್ಪತ್ತು.

“ಅವಳನ್ನ ಎಲ್ಲರೂ ಕಳ್ಳಿ ಅಂತಿದ್ರಲ್ಲ, ಅವಾಗಲೂ ಸುಮ್ಮನಿದ್ರಾ ನೀವು?” ಎಂದು ಕೇಳಿದೆ. ನನ್ನ ದನಿ ನನಗೇ ಜೋರಾಗಿ ಕೇಳಿತು.

“ಮಾತು ಕೊಟ್ಟಿದ್ದೆ. ಯಾರನ್ನೋ ಹಿಡಿಯೋಕೆ ನಾಟಕ ಮಾಡ್ತಿದ್ದಾಳೆ ಅಂದ್ಕೊಂಡೆ. ಬುಧವಾರ ಅತ್ತಳು ನೋಡಿ, ಎಷ್ಟು ಚೆನ್ನಾಗಿ ಮಾಡ್ತಾಳಪ್ಪ ಅಂತ ಮನಸ್ಸಲ್ಲೇ ಹೊಗಳಿದೆ. ಭಾನುವಾರ ಎದ್ದು ನಿಂತು ಎಲ್ಲ ಹೇಳೋನಿದ್ದೆ.”

“ದೊಡ್ಡಪ್ಪಾ, ನನ್ನಾಣೆ, ನಾನು ಬರೆದಿಲ್ಲ!” ಮರಿಮನೆಯವಳು ತನ್ನ ಫೋನ್ ತೆಗೆದು ತಡಕಿದಳು. “ನೋಡಿ, ನನ್ನದರಲ್ಲಿ ಇಲ್ಲ. ಇಲ್ಲವೇ ಇಲ್ಲ!”

“ಕಳಿಸಿದ ಮೇಲೆ ಅಳಿಸಬಹುದು,” ಎಂದಳು ನಾದಿನಿ ಮೆಲ್ಲನೆ. “ಕಾರ್ಯದರ್ಶಿ ಮೊದಲು ಕೇಳೋದು ಇದನ್ನೇ.”

ಆಗ ನನಗೆ ಅರ್ಥವಾಯಿತು. ಮೀನು ಸಿಕ್ಕಿದ್ದರಿಂದ ಅವಳು ಪಾರಾಗಲಿಲ್ಲ, ಇನ್ನಷ್ಟು ಸಿಕ್ಕಿಬಿದ್ದಳು. ಭಾನುವಾರ ದೊಡ್ಡಪ್ಪ ಎದ್ದು ನಿಂತು, ಇರುವ ಸತ್ಯವನ್ನೆಲ್ಲ ಒಳ್ಳೆಯ ಮನಸ್ಸಿನಿಂದ ಹೇಳಿದರೆ ಸಾಕು. ಮುದುಕರನ್ನು ಮುಂದಿಟ್ಟು ಮೀನು ಸಾಗಿಸಿದ್ದು ಇವಳೇ ಎಂದು ಸಭೆ ಒಂದೇ ದನಿಯಲ್ಲಿ ಹೇಳುತ್ತಿತ್ತು. ಅವಳನ್ನು ಉಳಿಸಲು ಹೊರಟ ನಾವೇ ಹಗ್ಗ ಹೊಸೆದುಕೊಟ್ಟಿದ್ದೆವು.

“ಶನಿವಾರ ಹನ್ನೊಂದೂ ಇಪ್ಪತ್ತಕ್ಕೆ ಎಲ್ಲಿದ್ದೆ ನೀನು? ಯೋಚನೆ ಮಾಡು,” ಎಂದಳು ನಾದಿನಿ.

“ಮರಿಮನೇಲೇ. ತೊಟ್ಟಿ ತೊಳೀತಿದ್ದೆ. ಟೈಮ್ ನೋಡೋಕೂ ಫೋನ್ ಇರಲಿಲ್ಲ, ಗ್ಲಾಸ್ ಒಡೆದು...” ಅವಳು ಮಾತು ನಿಲ್ಲಿಸಿದಳು. ಕಣ್ಣು ದೊಡ್ಡದಾಯಿತು. “ಅಕ್ಕಾ. ಶನಿವಾರ ನನ್ನ ಫೋನ್ ನಿಮ್ಮ ಅಂಗಡೀಲಿತ್ತಲ್ಲ? ಒಂಬತ್ತಕ್ಕೆ ಕೊಟ್ಟು, ಸಾಯಂಕಾಲ ಇಸ್ಕೊಂಡು ಹೋದೆ.”

ನಾದಿನಿ ಹಣೆಗೆ ಕೈ ಹೊಡೆದುಕೊಂಡಳು. 

ರಿಪೇರಿಗೆ ಬಂದ ಫೋನಿನ ಹಿಂದೆ ಅವಳು ಒಂದು ಚೀಟಿ ಅಂಟಿಸುತ್ತಾಳೆ. ಫೋನಿನವರ ಹೆಸರು, ಏನು ಕೆಟ್ಟಿದೆ, ಬೀಗ ತೆಗೆಯಲು ಯಾವ ಅಂಕಿ ಒತ್ತಬೇಕು, ಎಲ್ಲ ಅದರಲ್ಲಿರುತ್ತದೆ. ಮೇಜಿನ ಆಚೆ ಕೂತವರು ಯಾರಾದರೂ ಅದನ್ನು ಓದಿ ಫೋನ್ ತೆರೆಯಬಹುದು.

“ಗ್ಲಾಸ್ ತರೋಕೆ ನಾನು ಪೇಟೆಗೆ ಹೋಗಿದ್ದೆ,” ಎಂದಳು ನಾದಿನಿ. “ಹತ್ತಕ್ಕೆ ಹೋಗಿ ಹನ್ನೆರಡೂವರೆಗೆ ಬಂದೆ.”

“ಅಂಗಡಿ ಮುಚ್ಚಿದ್ಯಾ?” ಎಂದರು ದೊಡ್ಡಪ್ಪ.

“ಇಲ್ಲ.”

“ಮತ್ತೆ ಯಾರಮ್ಮ ಕೂತಿದ್ರು?”

ನಾದಿನಿ ನನ್ನ ಕಡೆ ನೋಡಿದಳು. ನಾನು ಕೊಳದ ಕಡೆ ನೋಡಿದೆ. ಶನಿವಾರ ಅವಳು ಪೇಟೆಗೆ ಹೋದಾಗಲೆಲ್ಲ ಅಂಗಡಿಯಲ್ಲಿ ಕೂರುವುದು ಒಬ್ಬಳೇ. ಅವಳ ಅಕ್ಕ. ನನ್ನ ಹೆಂಡತಿ.

ಏನೋ ತಪ್ಪು ತಿಳಿದುಕೊಂಡಿದ್ದೇವೆ, ಇನ್ಯಾರೋ ಒಳಗೆ ಬಂದಿರಬೇಕು ಎಂದು ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ಮನೆಯಿಂದ. ನಾದಿನಿ ಕಣ್ಣಿನಲ್ಲೇ, ತಗೊಳ್ಳಿ ಎಂದಳು. ನಾವು ಎಲ್ಲಿಗೆ ಹೊರಟೆವೆಂದು ಯಾರಿಗೂ ಹೇಳಿರಲಿಲ್ಲ, ಏನು ಸಿಕ್ಕಿತೆಂದು ಇಲ್ಲಿರುವವರ ಹೊರತು ಯಾರಿಗೂ ತಿಳಿದಿರಲಿಲ್ಲ.

“ಹಲೋ,” ಎಂದೆ.

“ಊಟಕ್ಕೆ ಬರೋದು ಎಷ್ಟೊತ್ತಾಗುತ್ತೆ?” ಎಂದಳು ನನ್ನ ಹೆಂಡತಿ. ಅದೇ ದನಿ, ದಿನಾ ಕೇಳುವ ಅದೇ ಮಾತು. ಆಮೇಲೆ ಸ್ವಲ್ಪ ತಡೆದು ಕೇಳಿದಳು.

“ಮೂರೂ ಮೀನು ಚೆನ್ನಾಗಿವೆ ತಾನೇ?”